ಎರಡು ಕಪ್ಪು

ಹಳೆಯದು ಆರು ವರ್ಷ ಬಾಳಿತ್ತು.
ನಾನು ಕೈಯಿಟ್ಟ ಮೇಲೆ ಹನ್ನೊಂದು ತಿಂಗಳು.

ಮ್ಯೋಬಾನಿನ ಗುಡ್ಡದ ಮೇಲೆ ಬಿಸಿನೀರಿನ ಸ್ನಾನದ ಮನೆ,
ಅಲ್ಲಿ ಪಂಪು ನಡೆಸುವ ಅಂಗೈಯಗಲದ ಸರ್ಕಿಟ್ ಬೋರ್ಡು.
ಯಜಮಾನ ಕುನಿಸಾಕಿ ಅದನ್ನು ಟವೆಲಿನಲ್ಲಿ ಸುತ್ತಿ ತಂದು
ಸತ್ತ ಹಕ್ಕಿಯನ್ನಿಡುವಂತೆ ಮೇಜಿನ ಮೇಲಿಟ್ಟ.
“ನಿನ್ನ ಬೆಸುಗೆ ಕೊಳಕು” ಎಂದ.

ಬೆಸುಗೆಯ ಬುಡದ ಸುತ್ತ ಕಪ್ಪು,
ಕಾಡಿಗೆ ತೀಡುವಾಗ ಕೈ ನಡುಗಿದ ಹಾಗೆ.

ನಾನು ವಾದಿಸಲಿಲ್ಲ. ಹೋದ ಚಳಿಗಾಲ
ಅವಸರದಲ್ಲಿದ್ದೆ, ಕಾವು ಅಳತೆ ಮೀರಿತ್ತು,
ರಾಳ ಸೀದ ವಾಸನೆ ಬಂದದ್ದು ನೆನಪಿದೆ.
ಕಿಟಕಿ ತೆರೆದು ಸುಮ್ಮನಾಗಿದ್ದೆ.

ಮಿತ್ಸುಯೊ ಹತ್ತಿ ಸುತ್ತಿದ ಕಡ್ಡಿ ಚಾಚಿದಳು.
ಮೂವತ್ತು ವರ್ಷ ಕ್ಯಾಮೆರಾ ಕಾರ್ಖಾನೆಯಲ್ಲಿ ಪಳಗಿದ ಕಣ್ಣು ಅವಳದು.
“ಮೊದಲು ಒರೆಸು. ಆಮೇಲೆ ಅಳು.”

ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿದೆ.
ಹತ್ತಿ ಕಂದಾಯಿತು, ತಳ ಹಿಡಿದ ಬೆಲ್ಲದ ಪಾಕ.
ಒಪ್ಪಿದೆ, ಇದು ನನ್ನದು.
ಇನ್ನೊಂದು ಕಡ್ಡಿ. ಮತ್ತೊಂದು.
ಐದನೆಯದು ಬೆಳ್ಳಗೇ ಹೊರಬಂತು,
ಬೋರ್ಡಿನ ಮೇಲೆ ಕಪ್ಪು ಮಾತ್ರ ಕದಲಲಿಲ್ಲ.

ಮಸೂರದ ಕೆಳಗೆ ನೋಡಿದರೆ ಅದಕ್ಕೆ ಎಲೆಗಳು.
ತಾಮ್ರದ ಅಂಚಿನಿಂದ ಹೊರಟು, ಹಸಿರು ಲೇಪದ ಮೇಲೆ
ಪಕ್ಕದ ತಂತಿಯ ಕಡೆಗೆ ತೆವಳುತ್ತಿದ್ದ ಜರಿಗಿಡ.
ಅದು ಮುಟ್ಟುವ ಮೊದಲೇ
ಸಾಸಿವೆಗಿಂತ ಚಿಕ್ಕ ರೆಸಿಸ್ಟರೊಂದು
ಒಳಗಿನ ಬೆಳ್ಳಿ ತಿಂದುಹೋಗಿ ಕಡಿದಿತ್ತು.

ಇದ್ದಿಲು ನುಂಗಿದವರು ಮಸಿ ಕಾರಬೇಕು, ಸರಿ.
ಇದು ನುಂಗಿದ್ದೇನು?

ಮಿತ್ಸುಯೊ ಎಡಗಿವಿಯ ಬೆಳ್ಳಿಯ ಓಲೆ ಬಿಚ್ಚಿ
ಹೊಸ ತಾಮ್ರದ ಪಟ್ಟಿಯ ಜೊತೆ ದಾರಕ್ಕೆ ಕಟ್ಟಿ
ಪಂಪಿನ ಪೆಟ್ಟಿಗೆಯೊಳಗೆ ತೂಗುಬಿಟ್ಟಳು.
“ನಾಲ್ಕು ವಾರ. ಅಲ್ಲಿಯವರೆಗೆ ಸ್ವಿಚ್ಚು ಕೈಯಲ್ಲೇ ಒತ್ತಿ.”

ಆ ನಾಲ್ಕು ವಾರ ಸಂಜೆ ನಾನೂ ನೀರಿಗಿಳಿದೆ.
ಹಾಲಿನಂಥ ನೀರು, ಕೊಳೆತ ಮೊಟ್ಟೆಯ ಗಾಳಿ.
ಎಂಬತ್ತು ದಾಟಿದ ಮುದುಕನೊಬ್ಬ ಮಂಡಿ ಮಡಚಿ ತೋರಿಸಿದ:
“ನೋಡು, ಮಡಚುತ್ತೆ!”
ಮತ್ತೆ ಮಡಚಿದ.
ಯಾರೂ ಮೂಗು ಮುಚ್ಚಿರಲಿಲ್ಲ.
ಹುಟ್ಟಿದ ಊರಿಗೆ ವಾಸನೆ ಇರುವುದಿಲ್ಲ.

ಇಪ್ಪತ್ತೆಂಟನೆಯ ದಿನ ಪೆಟ್ಟಿಗೆ ತೆರೆದೆವು.
ತಾಮ್ರದ ಪಟ್ಟಿ ಕಾಗೆಯ ಕೊಕ್ಕು,
ಓಲೆ ಒಂದು ಕರಿ ಎಳ್ಳು.
“ಗಂಧಕ” ಎಂದಳು ಮಿತ್ಸುಯೊ,
ಪಕ್ಕದ ಮನೆಯವರ ಹೆಸರು ಹೇಳಿದ ಹಾಗೆ.

ಕುನಿಸಾಕಿ ನನಗೆ ತಲೆಬಾಗಿದ.
ನಾನೂ ಬಾಗುತ್ತಿದ್ದೆ. ಆಗ ಕಿವಿಗೆ ಬಿತ್ತು
ಪೆಟ್ಟಿಗೆಯ ಬದಿಯಿಂದ ಗಿರಗಿರ.
ಪುಟ್ಟ ಫ್ಯಾನು.
ಬೋರ್ಡಿಗೆ ಸೆಕೆಯಾದೀತೆಂದು ಹೋದ ಸಲ
ಪುಕ್ಕಟೆಯಾಗಿ ಕೂರಿಸಿದ್ದೆ.
ಹಗಲೂ ರಾತ್ರಿ ಗುಡ್ಡದ ಉಸಿರನ್ನೆಳೆದು
ಅದರ ಮುಖಕ್ಕೇ ಊದಿತ್ತು ನನ್ನ ಉಪಕಾರ.

ಬಾಗಿದವನು ಬಹಳ ಹೊತ್ತು ಬಾಗಿಯೇ ಇದ್ದೆ.

ಈಗ ಫ್ಯಾನಿಲ್ಲ. ತೂತಿಗೆ ರಬ್ಬರು ಒತ್ತಲು ಹೋದರೆ
ಮಿತ್ಸುಯೊ ಕೈ ಹಿಡಿದಳು: ಅದರಲ್ಲೂ ಗಂಧಕ.
ತಗಡು ಹೊಡೆದೆವು.
ಹೊಸ ಬೋರ್ಡನ್ನು ತೊಳೆದು, ಒಣಗಿಸಿ, ಇನ್ನೊಮ್ಮೆ ತೊಳೆದು
(ಕೊಳೆಯ ಮೇಲೆ ಬಳಿದರೆ ಕೊಳೆಯನ್ನೇ ಕಾಪಾಡಿದಂತೆ)
ಎರಡು ಪದರ ಅರಗು ಬಳಿದು,
ಹಬೆ ಬೀಸುವ ದಿಕ್ಕಿಗೆ ಬೆನ್ನು ಮಾಡಿ
ಚಪ್ಪಲಿ ಬಿಡುವ ಕೋಣೆಯಲ್ಲಿ ಕೂರಿಸಿದೆವು.

ಓಲೆಯನ್ನು ಅವಳು ಉಜ್ಜಲಿಲ್ಲ.
ಒಂದು ಕಿವಿ ಬಿಳಿ, ಒಂದು ಕಿವಿ ಕಪ್ಪು,
ಸೈಕಲ್ಲು ಹತ್ತಿ ಇಳಿಜಾರಿನಲ್ಲಿ ಹೋದಳು.

ಪೆಟ್ಟಿಗೆಯೊಳಗೆ ಇನ್ನೊಂದು ತಾಮ್ರದ ಪಟ್ಟಿ ತೂಗುತ್ತಿದೆ.
ತಿಂಗಳ ಮೊದಲ ಸೋಮವಾರ ಹೋಗಿ ನೋಡುತ್ತೇನೆ.
ಈ ಸಲ ತಿಳಿ ಚಹಾದ ಬಣ್ಣ.
ಕಪ್ಪಲ್ಲ, ಇನ್ನೂ.